ಕೈ ಇಡುವ ಜಾಗ

ಮನಸ್ಸು ಎಲ್ಲಿದೆ ಎಂಬ ಪ್ರಶ್ನೆ ಯುಗಯುಗಗಳಿಂದ ಮಹಾಜ್ಞಾನಿಗಳನ್ನು ಕಾಡಿದೆ. ತರೀಕೆರೆಯ ಬೇಕರಿಯೊಂದರ ಮಹಡಿ ಮೇಲೆ ನಮ್ಮಂಥ ನರ್ಸುಗಳಿಗೆ ಜರ್ಮನ್ ಕಲಿಸುತ್ತಿದ್ದ ಮೇಷ್ಟ್ರನ್ನು ಮಾತ್ರ ಕಾಡಿರಲಿಲ್ಲ.

“ಇಂಗ್ಲಿಷ್‌ನೋರು ಎಲ್ಲಾನೂ ಮೈಂಡ್ ಅಂತ ಒಂದೇ ಡಬ್ಬಿಗೆ ತುಂಬ್ತಾರೆ. ಜರ್ಮನ್ನೋರು ಬೇರೆ ಬೇರೆ ಇಟ್ಟವ್ರೆ ಕಣಮ್ಮ,” ಎನ್ನುತ್ತ ಯೋಚನೆಯ ‘ಗೈಸ್ಟ್’ಗೆ ಹಣೆ ಮುಟ್ಟಿಕೊಳ್ಳುತ್ತಿದ್ದರು, ಸುಖದುಃಖದ ‘ಗೆಮ್ಯೂಟ್’ಗೆ ಎದೆ. ನಾವೂ ಮುಟ್ಟಿಕೊಳ್ಳಬೇಕು. “ಜಾಗ ಹಿಡಿ, ಮಾತು ತಾನಾಗೇ ಬತ್ತದೆ.”

ಜೊತೆಗೆ ಕಲಿಯುತ್ತಿದ್ದ ಅಜ್ಜಂಪುರದ ಗೆಳತಿಗೆ ಜರ್ಮನಿಯ ಕೆಲಸದ ಸಂದರ್ಶನ ಆ ಮಹಡಿಯಲ್ಲೇ ವಿಡಿಯೋ ಕರೆಯಲ್ಲಿ ನಡೆಯಿತು. ಮೈಯಲ್ಲಿ ರೋಗವಿಲ್ಲದೆಯೂ ಊಟ ಬಿಟ್ಟ ಅಜ್ಜಿಯೊಬ್ಬಳಿಗೆ ಏನಾಗಿರಬಹುದು ಎಂದು ಆ ಕಡೆಯ ಹೆಂಗಸು ಕೇಳಿದಳು. ಗೆಳತಿಗೆ ಮಾತೇ ಮರೆತುಹೋಯಿತು. ಮೇಷ್ಟ್ರು ಗೋಡೆಗೆ ಮುಖ ತಿರುಗಿಸಿ ನಿಂತರು. ಅವಳ ಕೈ ತಾನಾಗಿ ಎದೆಗೆ ಹೋಯಿತು.

“ಗೆಮ್ಯೂಟ್,” ಎಂದಳು.

“ಹೇಳಿರ್ಲಿಲ್ವಾ?” ಎಂದು ಮೇಷ್ಟ್ರು ಗೋಡೆಯನ್ನೇ ಕೇಳಿದರು.

ಅವಳಿಗೆ ಕೆಲಸ ಸಿಕ್ಕಿತು.