ಒಂದೂವರೆ ಗಂಟೆಯ ದೂರ

ಕ್ರಿಸಾಂತಾ ಮನಿಲಾದ ನವೋತಾಸಿನ ಮೀನುಪೇಟೆಯಲ್ಲಿ ಮೀನು ಹೆರೆದು ಮಗ ರಾಮಿಲ್‌ನನ್ನು ಸಾಕಿದವಳು. ಸೆಬು ದ್ವೀಪದಿಂದ ಮನಿಲಾಕ್ಕೆ ಬಂದದ್ದು ಹುಡುಗಿಯಾಗಿದ್ದಾಗ, ಹಡಗಿನಲ್ಲಿ, ಒಂದು ಹಗಲು ಒಂದು ರಾತ್ರಿ ವಾಂತಿ ಮಾಡುತ್ತ. ಅಂದಿನಿಂದ ಅವಳ ಪಾಲಿಗೆ ಊರೆಂದರೆ ಅಷ್ಟು ದೂರ.

ಊರಲ್ಲಿದ್ದ ತಮ್ಮ ಇಸ್ಯೋಂಗ್‌ದು ಫೋನಿನಲ್ಲಿ ಯಾವಾಗಲೂ ಒಂದೇ ಮಾತು. “ಅಕ್ಕಾ, ಒಂದ್ಸಲ ಬರ್ತೀನಿ. ನಿನ್ ಮನೆ ನೋಡ್ಬೇಕು.”

“ಬಾಳ ದೂರ ಕಣೋ. ನಿನ್ ಕೆಮ್ಮಿಗೆ ಆಗಲ್ಲ.”

ಮನೆ ಎಂದರೆ ಒಂದೇ ಕೋಣೆ. ಮಗ, ಸೊಸೆ, ಈಗೊಂದು ಎಳೆಗೂಸು. ತಮ್ಮನನ್ನು ಎಲ್ಲಿ ಮಲಗಿಸುವುದು? ಅದನ್ನು ಹೇಳಲು ನಾಚಿಕೆ. ದೂರದ ಮೇಲೆ ಹಾಕುತ್ತಿದ್ದಳು.

ಇಸ್ಯೋಂಗ್ ತೀರಿಕೊಂಡ. ರಾಮಿಲ್ ಅವಳನ್ನು ವಿಮಾನ ಹತ್ತಿಸಿದ. ಜಪಮಾಲೆಯ ಎರಡನೇ ಸುತ್ತು ಮುಗಿಯುವ ಮೊದಲೇ ಸೆಬು ಕೆಳಗೆ ಕಾಣಿಸಿತು. ಒಂದೂವರೆ ಗಂಟೆ, ಅಷ್ಟೇ! ಶವದ ಪೆಟ್ಟಿಗೆಯ ಮುಂದೆ ಕೂತವಳಿಗೆ ಅಳುವೇ ಬರಲಿಲ್ಲ. ಆ ಒಂದೂವರೆ ಗಂಟೆಯನ್ನೇ ಮತ್ತೆ ಮತ್ತೆ ಲೆಕ್ಕ ಹಾಕುತ್ತಿದ್ದಳು.

ಸಾವಿನ ಮನೆಯಿಂದ ಅವರಲ್ಲಿ ಯಾರೂ ನೆಟ್ಟಗೆ ತಮ್ಮ ಮನೆಗೆ ಬರುವುದಿಲ್ಲ. ನಡುವೆ ಎಲ್ಲಾದರೂ ಕೂತು, ಒಂದು ಕಾಫಿ ಕುಡಿದು, ಬೆನ್ನು ಹತ್ತಿದ ಸತ್ತವರನ್ನು ಅಲ್ಲೇ ಬಿಟ್ಟು ಬರಬೇಕು. ಕ್ರಿಸಾಂತಾ ವಿಮಾನ ಇಳಿದ ಮೇಲೆ ಎಲ್ಲೂ ನಿಲ್ಲಲಿಲ್ಲ.

ಆ ಸಂಜೆಯೇ ಮಗುವಿನ ಮೈ ಕೆಂಡವಾಯಿತು.

ಅತ್ತೆಯನ್ನು ನಾನಾಯ್, ಅಮ್ಮ, ಎಂದೇ ಕರೆಯುವ ಸೊಸೆ ಮಾರಿಲೆನ್ ಮಗುವನ್ನು ಎದೆಗವಚಿಕೊಂಡು ಕೇಳಿದಳು. “ನಾನಾಯ್, ದಾರೀಲಿ ಎಲ್ಲಾದ್ರೂ ನಿಂತು ಬಂದ್ರಾ?”

“ಕಾಫಿ ಕುಡ್ದೆ. ವಿಮಾನ ನಿಲ್ದಾಣದಲ್ಲಿ.”

“ಹತ್ತೋಕ್ ಮುಂಚೆನಾ, ಇಳಿದ್ಮೇಲಾ?”

“ಮುಂಚೆ.”

“ಅದು ಸೆಬುನೇ ಆಯ್ತಲ್ಲ! ಅದ್ಯಾವ ಲೆಕ್ಕ?”

ರಾಮಿಲ್ ನಕ್ಕ. “ಮಾಮಂಗೆ ಟಿಕೆಟ್ ಯಾರ್ ತೆಗ್ಸಿದ್ರೇ? ಮಕ್ಕಳಿಗೆ ಜ್ವರ ಬರಲ್ವಾ? ಡಾಕ್ಟ್ರು ಔಷಧಿ ಕೊಟ್ಟಿದಾರಲ್ಲ.”

ಮಾರಿಲೆನ್ ನಗಲಿಲ್ಲ. ಅತ್ತೆಯನ್ನೇ ನೋಡಿದಳು. “ನಿಜ ಹೇಳಿ ನಾನಾಯ್. ನೀವು ಒಬ್ರೇ ಬಂದ್ರಾ?”

ಕ್ರಿಸಾಂತಾ ತಲೆ ತಗ್ಗಿಸಿದಳು. “ಮನೆ ನೋಡ್ಬೇಕು ಅಂತಿದ್ದ ಕಣಮ್ಮ. ಬೇಕಂತ್ಲೇ ನಿಲ್ಲಲಿಲ್ಲ. ಬಾ ಅಂದೆ.”

ರಾಮಿಲ್‌ನ ನಗು ನಿಂತಿತು. ಮಾರಿಲೆನ್ ಗೋಡೆಗೆ ಸರಿದಳು. “ನನ್ ಮಗು ನಾನಾಯ್. ಅವ್ರನ್ನ ಬಿಟ್ಟು ಬರೋವರ್ಗೂ ಇದನ್ನ ಮುಟ್ಬೇಡಿ.”

ಬೀದಿ ಮೂಲೆಯ ಬ್ರೆಡ್ಡಿನಂಗಡಿಯಲ್ಲಿ ಕ್ರಿಸಾಂತಾ ಎರಡು ಕಾಫಿ ಹೇಳಿದಳು. ಒಂದನ್ನು ಎದುರಿನ ಖಾಲಿ ಸ್ಟೂಲಿನ ಮುಂದಿಟ್ಟಳು.

“ಕಾಫಿ ಆರಿಹೋಗ್ತಿದೆ ನೋಡಿ,” ಎಂದ ಅಂಗಡಿಯವನು. “ಯಾರ್ ಬರ್ಬೇಕು?”

“ಬಂದಾಗಿದೆ,” ಎಂದಳು. ಬ್ರೆಡ್ಡು ಮುರಿದು ಅರ್ಧ ಆ ಕಡೆಗೆ ಸರಿಸಿದಳು. “ನೋಡಿದ್ಯಲ್ಲ ಇಸ್ಯೋಂಗ್? ಅಷ್ಟೇ ಮನೆ. ಮಗು ಚಿಕ್ಕದು ಕಣೋ. ಇಲ್ಲೇ ಇರು.”

ಹಿಂತಿರುಗಿ ನೋಡದೆ ಎದ್ದು ಬಂದಳು.

ಮಾರಿಲೆನ್ ಬಾಗಿಲಲ್ಲೇ ನಿಂತಿದ್ದಳು. ಅತ್ತೆಯ ಮುಖ ನೋಡಿ ಮಗುವನ್ನು ಕೊಟ್ಟಳು. ಮೈ ಇನ್ನೂ ಸುಡುತ್ತಿತ್ತು. ಕ್ರಿಸಾಂತಾ ಅದನ್ನು ಹೆಗಲಿಗೆ ಹಾಕಿಕೊಂಡು ತಟ್ಟತೊಡಗಿದಳು. ಅತ್ತ ಬ್ರೆಡ್ಡಿನಂಗಡಿಯ ಬಾಗಿಲು ಎಳೆದು ಮುಚ್ಚುವ ಸದ್ದು ಕೇಳಿತು. ಅವಳ ಕೈ ನಿಂತಿತು. ಇಸ್ಯೋಂಗ್‌ಗೆ ಈ ಊರಿನ ಒಂದು ಬೀದಿಯೂ ಗೊತ್ತಿಲ್ಲ.