ಬಲದೆತ್ತಿನ ಸುಳಿ ಲೈವ್‌ನಲ್ಲಿ ಕಾಣಿಸಿದ್ದು

ಮಾಲೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮಹಡಿ ಮೇಲಿನ ಒಂದು ಕೋಣೆಯಲ್ಲಿ ನನಗೆ ಕೆಲಸ. ಮದುವೆ, ಗೃಹಪ್ರವೇಶ, ನಾಮಕರಣ ಏನೇ ಇರಲಿ, ಬರಲಾಗದ ನೆಂಟರಿಗೆ ಅದನ್ನು ಫೋನಿನಲ್ಲಿ ಲೈವ್ ತೋರಿಸುವುದು ನಮ್ಮ ವೃತ್ತಿ. ಕ್ಯಾಮೆರಾ ಹಿಡಿಯುವವರು ಬೇರೆ. ನಾನು ಮಂಟಪದ ಪಕ್ಕ, ಹೂವಿನ ಬುಟ್ಟಿಗಳ ಮಧ್ಯೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು, ಹೋಗುತ್ತಿರುವ ಚಿತ್ರ ಚೆನ್ನಾಗಿದೆಯೋ ಒಡೆಯುತ್ತಿದೆಯೋ ನೋಡುವವನು. ಬಂದವರೆಲ್ಲ ಮದುಮಗಳ ಮುಖ ನೋಡಿದರೆ ನಾನು ಚಿತ್ರ ಒಡೆದಾಗ ಆ ಮುಖದಲ್ಲಿ ಏಳುವ ಚೌಕಗಳನ್ನು ನೋಡುತ್ತೇನೆ. ನನಗಿನ್ನೂ ಹೆಣ್ಣು ಸಿಗದಿರುವುದಕ್ಕೆ ಇದೇ ಕಾರಣ ಎಂದು ಮನೆಯಲ್ಲಿ ಹೇಳಿಕೊಂಡಿದ್ದೇನೆ. ಮನೆಯವರು ನನ್ನ ಮುಖ ಕಾರಣ ಎನ್ನುತ್ತಾರೆ.

ಚಿತ್ರ ಚೆನ್ನಾಗಿದೆ ಎನ್ನುವುದನ್ನು ಅಳೆಯುವುದು ಹೇಗೆ? ಯಂತ್ರ ಒಂದು ಅಂಕಿ ಕೊಡುತ್ತದೆ. ಆದರೆ ನಮ್ಮ ಅಂಗಡಿಯ ಯಜಮಾನರು ಆ ಅಂಕಿಯನ್ನು ನಂಬುವುದಿಲ್ಲ. ಒಂದೇ ವಿಡಿಯೊ ತುಣುಕನ್ನು ಹೆಚ್ಚು ಡೇಟಾದಲ್ಲಿ ಒಂದು ಸಲ, ಕಡಿಮೆ ಡೇಟಾದಲ್ಲಿ ಇನ್ನೊಂದು ಸಲ ಮಾಡಿಸಿ, “ತಗೊಂಡ್ ಹೋಗಿ ಮನೇಲಿ ತೋರ್ಸು. ಯಾವುದು ಯಾವುದು ಅಂತ ಹೇಳ್ಬೇಡ. ಐದಕ್ಕೆ ಎಷ್ಟು ಮಾರ್ಕು ಅಂತ ಕೇಳು” ಎನ್ನುತ್ತಾರೆ. ನಾನು ಕೇಳುವುದು ಮಾಸ್ತಿ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮನನ್ನು. ಆಕೆ ಮುಳಬಾಗಿಲ ಕಡೆಯವಳು, ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಾಳೆ.

“ಇದಕ್ಕೆ ಒಂದು.”

“ಯಾಕ್ ದೊಡ್ಡಮ್ಮ? ಚೌಕ ಚೌಕ ಕಾಣ್ತಾ?”

“ಚೌಕಾನೂ ಇಲ್ಲ ಏನೂ ಇಲ್ಲ. ಆ ಹುಡುಗನ ತಾಯಿ ನೋಡು, ಮದುವೆಗೆ ನನ್ನ ಕರೀಲಿಲ್ಲ. ದಾನಿಕಿ ಒಂದೇ ಜಾಸ್ತಿ.”

ಯಜಮಾನರಿಗೆ ಹೇಳಿದರೆ ನಗಲಿಲ್ಲ. “ಕಣ್ಣು ಅಂದ್ರೆ ಅದೇ ಕಣೋ, ತನಗೆ ಬೇಕಾದ್ದನ್ನೇ ಹುಡುಕೋದು” ಎಂದರು.

ನನಗೆ ಅಚ್ಚರಿ ಶುರುವಾದದ್ದು ಅಲ್ಲಿಂದ. ಕ್ಯಾಮೆರಾ ಕಂಡದ್ದನ್ನೆಲ್ಲ ಕಳಿಸಲು ಹೋದರೆ ನಮ್ಮೂರುಗಳ ಟವರು ಮೊದಲನೇ ಹಾರ ಹಾಕುವುದರೊಳಗೇ ಕೈಮುಗಿದು ಕೂರುತ್ತದೆ. ಆದ್ದರಿಂದ ಎನ್‌ಕೋಡರ್ ಎನ್ನುವ ಸಾಫ್ಟ್‌ವೇರು ಚಿತ್ರವನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಹಿಂದಿನ ಕ್ಷಣದಲ್ಲಿ ಇದ್ದದ್ದೇ ಇದ್ದರೆ ‘ಅದೇ’ ಎಂದು ಗುರುತು ಹಾಕಿ ಮುಂದೆ ಹೋಗುತ್ತದೆ. ಬದಲಾದದ್ದನ್ನು ಮಾತ್ರ ಕಳಿಸುತ್ತದೆ. ಅದರಲ್ಲೂ ನಮ್ಮ ಕಣ್ಣು ಹುಡುಕದ ನವಿರು ವಿವರಗಳನ್ನು ಉದುರಿಸಿಬಿಡುತ್ತದೆ. ಬಹುಪಾಲು ಎಸೆದು, ಉಳಿದ ಚೂರಿನಲ್ಲೇ ಇಡೀ ಮದುವೆಯನ್ನು ಆ ಕಡೆಯ ಫೋನಿನಲ್ಲಿ ಎಬ್ಬಿಸಿ ನಿಲ್ಲಿಸುತ್ತದೆ. ನೋಡಿದವರು ‘ಎದುರಿಗೇ ಇದ್ದಂಗಿತ್ತು’ ಎನ್ನುತ್ತಾರೆ. ಎದುರಿಗೆ ಇದ್ದದ್ದರಲ್ಲಿ ಎಷ್ಟು ಹೋಯಿತು ಎಂದು ತಿಳಿದವನು ಹೂವಿನ ಬುಟ್ಟಿಗಳ ಮಧ್ಯೆ ಕೂತ ನಾನೊಬ್ಬನೇ.

ಇದು ನನಗೆ ಬೇಗ ಅರ್ಥವಾಯಿತು, ಏಕೆಂದರೆ ಬೇರೆಯವರನ್ನು ಅಣಕಿಸುವಾಗ ನಾನು ಮಾಡುವುದೂ ಅದನ್ನೇ. ಊರಲ್ಲಿ ನನ್ನನ್ನು ಕಂಡರೆ ಜನ ‘ಯಾರ್ನಾದ್ರೂ ಮಾಡೋ’ ಎನ್ನುತ್ತಾರೆ. ಯಜಮಾನರ ಮೂಗಿನ ಮೂಲಕ ಬರುವ ‘ಕಣೋ’, ಕನ್ನಡಕ ಹಣೆಗೆ ಏರಿಸುವ ರೀತಿ, ಇಷ್ಟಾದರೆ ಯಜಮಾನರು ಬಂದು ನಿಂತ ಹಾಗೆ. ಅವರ ಮಿಕ್ಕ ಭಾಗವನ್ನೆಲ್ಲ ಎಸೆದಿದ್ದೇನೆ ಎಂದು ಯಾರೂ ದೂರು ಕೊಟ್ಟಿಲ್ಲ. ನನ್ನನ್ನು ನಾನೇ ಅಣಕಿಸಲು ಹೋದಾಗ ಮಾತ್ರ ಉಳಿಸಿಕೊಳ್ಳಲು ಏನೂ ಸಿಗುವುದಿಲ್ಲ, ಎಲ್ಲವೂ ಉದುರಿ ಹೋಗುತ್ತದೆ.

ಇಷ್ಟೆಲ್ಲ ತಿಳಿದ ನಾನು ಕಳೆದ ಸುಗ್ಗಿ ಮುಗಿದ ಮೇಲೆ ದೊಡ್ಡಪ್ಪನ ಎತ್ತುಗಳನ್ನು ಲೈವ್ ತೋರಿಸಲು ಹೋದೆ.

ದೊಡ್ಡಪ್ಪ ಮಂಡಿಚಿಪ್ಪು ಬದಲಾಯಿಸಿಕೊಂಡಿದ್ದರು. ಇನ್ನು ಎತ್ತಿನ ಹಗ್ಗ ಹಿಡಿಯಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಕೊಟ್ಟಿಗೆಯಲ್ಲಿದ್ದದ್ದು ಒಂದು ಹಳ್ಳಿಕಾರ್ ಜೋಡಿ. ಕರುಗಳಾಗಿದ್ದಾಗ ತಂದು, ಒಂದೇ ಗೊಂತಿನಲ್ಲಿ ಕಟ್ಟಿ, ಒಂದೇ ನೊಗಕ್ಕೆ ಪಳಗಿಸಿದ್ದರು. ಒಂದನ್ನು ಹೊರಗೆ ಹಿಡಿದುಕೊಂಡು ಹೋದರೆ ಇನ್ನೊಂದು ಮೇವು ಮುಟ್ಟುತ್ತಿರಲಿಲ್ಲ. ಮಾಲೂರಿನ ದಲ್ಲಾಳಿ ಬಂದು ನೋಡಿ, ಎಡದೆತ್ತು ಸಾಕು, ಬಲದ್ದಕ್ಕೆ ಬೇರೆ ಗಿರಾಕಿ ನೋಡೋಣ ಎಂದಿದ್ದ. ದೊಡ್ಡಪ್ಪ ಅವನಿಗೆ ಕಾಫಿ ಕೊಡಿಸಿ ಕಳಿಸಿಬಿಟ್ಟರು. ಅವರಿಗೆ ಬೇಕಾಗಿದ್ದು ಒಂದೇ: ಜೋಡಿ ಒಡೆಯಬಾರದು.

ಅಷ್ಟರಲ್ಲಿ ನಾಗಮಂಗಲದ ಕಡೆಯ ಒಬ್ಬ ರೈತರು ಫೋನ್ ಮಾಡಿದರು. ಜೋಡಿಯನ್ನೇ ಹುಡುಕುತ್ತಿದ್ದರು. ಕಬ್ಬು ಕಡಿಯುವ ಸಮಯ, ಬರಲಾಗುವುದಿಲ್ಲ, ಫೋನಿನಲ್ಲೇ ತೋರಿಸಿದರೆ ನೋಡಿ ಹೇಳುತ್ತೇನೆ ಎಂದರು. ಅವರಿಗೆ ನೋಡಬೇಕಾಗಿದ್ದು ಮುಖ್ಯವಾಗಿ ಸುಳಿ. ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡಿರುವ ಜಾಗಕ್ಕೆ ಸುಳಿ ಎನ್ನುತ್ತಾರೆ. ಅದು ಎಲ್ಲಿದೆ, ಎತ್ತ ತಿರುಗಿದೆ ಎಂದು ನೋಡದೆ ನಮ್ಮ ಕಡೆ ಯಾರೂ ಎತ್ತು ಕೊಳ್ಳುವುದಿಲ್ಲ. ಬೆನ್ನ ನಡುಗೆರೆಯ ಮೇಲೇ ಇದ್ದರೆ ಮನೆಗೆ ಒಳ್ಳೆಯದು, ಪಕ್ಕಕ್ಕೆ ಜಾರಿದ್ದರೆ ಮುಖ ಸಿಂಡರಿಸುತ್ತಾರೆ.

“ಮದುವೆಯನ್ನೇ ದುಬೈಗೆ ತೋರಿಸ್ತೀನಿ ದೊಡ್ಡಪ್ಪ, ಎರಡು ಎತ್ತು ಯಾವ ಲೆಕ್ಕ” ಎಂದು ಲ್ಯಾಪ್‌ಟಾಪ್ ಹೊತ್ತು ಹೋದೆ.

ನಾನು ಹೋಗುವುದರೊಳಗೆ ದೊಡ್ಡಪ್ಪ ಎತ್ತುಗಳ ಮೈ ತೊಳೆಸಿ, ಹರಳೆಣ್ಣೆ ಸವರಿ ಮಿರಮಿರ ಮಿಂಚಿಸಿದ್ದರು. ಹೆಣ್ಣು ನೋಡಲು ಬರುತ್ತಾರೆ ಎಂದರೆ ಮಾಡುವ ಹಾಗೆ. ಹಿನ್ನೆಲೆಗೆ ಹಿಪ್ಪುನೇರಳೆ ತೋಟವೇ ಆಗಬೇಕು ಎಂದು ಹಟ ಹಿಡಿದರು. “ಹಸಿರಿನ ಮುಂದೆ ನಿಂತ್ರೆ ರಾಜಕಳೆ ಕಣ್ಲಾ.” ನಿಜ, ಕಳೆಯೇನೋ ಇತ್ತು. ಅಂಗಡಿಯ ಲ್ಯಾಪ್‌ಟಾಪನ್ನು ಮದುವೆಗೆ ಇದ್ದ ಹಾಗೇ ತೆರೆದು ಲೈವ್ ಹಾಕಿದೆ. ಇನ್ನೊಂದು ಫೋನಿನಲ್ಲಿ ಆ ರೈತರು, ಸ್ಪೀಕರಿನಲ್ಲಿ.

“ಕೊಂಬು ಚೆಂದಾಗವೆ. ಕಾಲೂ ಸರಿ. ಎಡದ್ರ ಸುಳಿ ಮಬ್ಬಾಗಿ ಕಾಣ್ತದೆ. ಬಲದ್ರ ಬೆನ್ ಮ್ಯಾಲೆ ಸುಳಿನೇ ಇಲ್ವಲ್ಲ ಯಜಮಾನ್ರೇ?”

ದೊಡ್ಡಪ್ಪ ತೋರುಬೆರಳಿಟ್ಟು ತೋರಿಸಿದರು. “ಇಲ್ಲೇ ಐತೆ ನೋಡಿ ಸ್ವಾಮಿ.”

“ನಿಮ್ ಬೆಳ್ಳು ಕಾಣ್ತದೆ. ಬೆನ್ನು ಸಿಮೆಂಟ್ ಸಾರ್ಸಿದಂಗದೆ. ಎಣ್ಣೆ ಗಿಣ್ಣೆ ತಿಕ್ಕಿ ಮುಚ್ಚವ್ರೋ ಹೆಂಗೆ?”

ಕೆಟ್ಟ ಸುಳಿಯನ್ನು ಎಣ್ಣೆ ತೀಡಿ, ಕೂದಲು ಸುಟ್ಟು ಮರೆಮಾಡುವವರು ಸಂತೆಗಳಲ್ಲಿ ಇದ್ದಾರೆ. ಆ ಮಾತು ದೊಡ್ಡಪ್ಪನಿಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಅವರ ಕಿವಿ ಕೆಂಪಾದದ್ದು ಲೈವ್‌ನಲ್ಲೂ ಚೆನ್ನಾಗಿ ಕಾಣುತ್ತಿತ್ತು.

“ಮುಚ್ಚೋ ಜಾಯಮಾನ ನಮ್ದಲ್ಲ. ಸುಳಿ ಐತೆ. ಈ ನನ್ಮಗನ ಡಬ್ಬದಾಗೆ ಕಾಣ್ತಿಲ್ಲ, ಅಷ್ಟೇ.”

“ಊಟ ಆದ್ಮೇಲೆ ಇನ್ನೊಂದಪ ನೋಡ್ತೀನಿ. ಆಗ್ಲೂ ಕಾಣ್ದಿದ್ರೆ ಎಡದ್ದೊಂದ್ನೇ ಕೊಡಿ. ಬಲದ್ದು ಬ್ಯಾಡ, ಬುಡಿ.”

ಫೋನಿಟ್ಟ ಮೇಲೆ ದೊಡ್ಡಪ್ಪ ನನ್ನ ಕಡೆ ನೋಡಲಿಲ್ಲ. ಬಲದೆತ್ತಿನ ಪಕ್ಕ ಹೋಗಿ ನಿಂತರು. ದೊಡ್ಡಮ್ಮ ನೋಡಿದಳು. “ಏಮಿ ರಾ ಇದಿ? ಇದ್ದ ಸುಳೀನೂ ನುಂಗಿಬಿಟ್ಯಲ್ಲೋ.”

ನಾನು ತೋಟದ ಬದುವಿಗೆ ಹೋಗಿ ಯಜಮಾನರಿಗೆ ಫೋನ್ ಮಾಡಿದೆ.

“ಲೇ, ಮುಖ ನುಣುಪು ಮಾಡೋ ಫಿಲ್ಟರು ಆಫ್ ಮಾಡಿದ್ಯಾ?”

“ಇಲ್ಲ ಸಾರ್.”

“ಎತ್ತಿಗೂ ಮದುಮಗಳ ಮೇಕಪ್ ಮಾಡಿದ್ದೀಯ ಅನ್ನು. ಸರಿ, ಹಿಂದೆ ಏನಿದೆ?”

“ಹಿಪ್ಪುನೇರಳೆ ಸಾರ್.”

“ಗಾಳಿ?”

“ಇದೆ ಸಾರ್.”

“ಹಂಗಾದ್ರೆ ನೀನು ಎಲೆ ಮಾರ್ತಿದ್ದೀಯ ಕಣೋ, ಎತ್ತಲ್ಲ.”

ತಿರುಗಿ ನೋಡಿದೆ. ಇಡೀ ತೋಟ ಅಲುಗಾಡುತ್ತಿತ್ತು. ಒಂದೊಂದು ಎಲೆಯೂ ಪ್ರತಿ ಕ್ಷಣ ಹೊಸ ಸುದ್ದಿ, ಒಂದೊಂದನ್ನೂ ಎನ್‌ಕೋಡರು ಪಾಪ ಹೊಸದಾಗಿ ಹೇಳಬೇಕು. ಸೆಕೆಂಡಿಗೆ ಇಷ್ಟೇ ಎಂದು ಟವರು ಕೊಡುವ ಡೇಟಾವನ್ನೆಲ್ಲ ಎಲೆಗಳು ಮೇದಿದ್ದವು. ಎತ್ತಿನ ಬೆನ್ನ ಕೂದಲಿಗೆ ಏನೂ ಉಳಿದಿರಲಿಲ್ಲ. ಅಷ್ಟು ದಿನ ರೇಷ್ಮೆ ಹುಳು ಮಾತ್ರ ಆ ಸೊಪ್ಪು ತಿನ್ನುವುದು ಎಂದುಕೊಂಡಿದ್ದ ನನಗೆ, ಸೊಪ್ಪೂ ಏನನ್ನೋ ತಿನ್ನುತ್ತದೆ ಎಂದು ಆಗ ತಿಳಿಯಿತು.

ಸೀಗೆಪುಡಿ ಹಾಕಿ ಎಣ್ಣೆ ತೊಳೆದೆವು. ಫಿಲ್ಟರ್ ತೆಗೆದೆ. ಹುಳು ಸಾಕುವ ಮನೆಯ ಪಕ್ಕದ ಸುಣ್ಣದ ಗೋಡೆಯ ಬಳಿ ನೆಲ ಗುಡಿಸಿ, ಬೆನ್ನು ಮೇಲಿನಿಂದ ಕಾಣಲಿ ಎಂದು ಗಾಡಿಯ ಮೇಲೆ ಟ್ರೈಪಾಡ್ ನಿಲ್ಲಿಸಿದೆ. ಬಿಸಿಲು ಓರೆಯಾಗಿ ಬೀಳುತ್ತಿತ್ತು. ನಾಗಮಂಗಲದವರು ಊಟ ಮುಗಿಸಿ ಮತ್ತೆ ಬಂದರು.

“ಬಲದ್ದೊಂದ್ನೇ ನಿಲ್ಸಿ. ಅದ್ರದ್ದೇ ಅನುಮಾನ.”

ಬಲದೆತ್ತನ್ನು ಒಂಟಿಯಾಗಿ ತಂದು ನಿಲ್ಲಿಸಿದೆವು. ಅದು ನಿಲ್ಲಲಿಲ್ಲ. ಕೊಟ್ಟಿಗೆಯ ಕಡೆ ತಿರುಗುತ್ತದೆ, ಕಾಲು ಬದಲಿಸುತ್ತದೆ, ಕುತ್ತಿಗೆ ಒದರುತ್ತದೆ. ಒದರಿದಾಗಲೆಲ್ಲ ನನ್ನ ಫೋನಿನಲ್ಲಿ ಬೆನ್ನು ಚೌಕ ಚೌಕವಾಗಿ ಒಡೆದು ಕಲಸಿ ಹೋಗುತ್ತದೆ. ದೊಡ್ಡಪ್ಪ ಹಗ್ಗ ಹಿಡಿಯುವಂತಿಲ್ಲ, ಫೋನ್ ಹಿಡಿದು ಜಗುಲಿಯ ಮೇಲೆ ಕೂತಿದ್ದರು. ಹಗ್ಗ ದೊಡ್ಡಮ್ಮನ ಕೈಯಲ್ಲಿ. ಆಗ ನನ್ನ ವಿದ್ಯೆ ನೆನಪಾಯಿತು. ದೊಡ್ಡಪ್ಪ ಎತ್ತನ್ನು ಸಮಾಧಾನ ಮಾಡುವ ‘ಹೋ... ಹೋ ನನ್ನಪ್ಪ’ ಇದೆಯಲ್ಲ, ಅದನ್ನು ಅವರದೇ ಗಂಟಲಲ್ಲಿ ತೆಗೆದೆ. ಊರಿನವರೆಲ್ಲ ಚಪ್ಪಾಳೆ ತಟ್ಟಿದ ಐಟಂ ಅದು. ಎತ್ತು ಒಂದು ಕ್ಷಣ ನನ್ನನ್ನು ನೋಡಿತು. ಆಮೇಲೆ ಸಗಣಿ ಹಾಕಿತು.

ಮನುಷ್ಯರ ಕಿವಿ ಹುಡುಕದ್ದನ್ನು ನಾನು ಉದುರಿಸಿದ್ದೆ. ಎತ್ತು ಹುಡುಕುತ್ತಿದ್ದದ್ದೇ ಅದನ್ನು ಇರಬೇಕು.

“ಅದರ ಜೊತೆಗಾರನ್ನ ತಗೊಂಡ್ ಬನ್ರೋ” ಎಂದು ದೊಡ್ಡಪ್ಪ ಕೂತಲ್ಲಿಂದ ಕೂಗಿದರು.

ಎಡದೆತ್ತನ್ನು ಬಿಚ್ಚಿ ತಂದು ಪಕ್ಕದಲ್ಲಿ ನಿಲ್ಲಿಸಿದೆ. ಅದು ಬಂದದ್ದೇ ಬಲದೆತ್ತಿನ ಭುಜಕ್ಕೆ ಭುಜ ತಾಗಿಸಿತು. ಎರಡೂ ಸ್ತಬ್ಧ. ಬಾಲ ಕೂಡ ಆಡಲಿಲ್ಲ.

ಆಮೇಲೆ ಆದದ್ದನ್ನು ನಾನು ಎಷ್ಟೋ ಮಂಟಪಗಳಲ್ಲಿ ಕೂತರೂ ನೋಡಿರಲಿಲ್ಲ. ಮಂಟಪದಲ್ಲಿ ಯಾರಾದರೂ ಸುಮ್ಮನೆ ನಿಂತಿದ್ದರೆ ತಾನೇ? ಮೊದಲು ಫೋನಿನಲ್ಲಿ ಬೆನ್ನು ಬೂದಿ ಬಳಿದ ಹಲಗೆಯಂತಿತ್ತು. ಗೋಡೆ ಅದೇ, ನೆಲ ಅದೇ, ಎತ್ತು ಅದೇ. ಹೊಸದಾಗಿ ಹೇಳಲು ಏನೂ ಇಲ್ಲದ ಎನ್‌ಕೋಡರು ತಾನು ಉದುರಿಸಿದ್ದನ್ನೆಲ್ಲ ಒಂದೊಂದಾಗಿ ಹೆಕ್ಕಿ ತಂದು ಜೋಡಿಸತೊಡಗಿತು. ಹಲಗೆಯ ಮೇಲೆ ಒಂದು ನೆರಳು ಎದ್ದಿತು. ನೆರಳು ಗೆರೆಗಳಾಗಿ ಒಡೆಯಿತು. ಗೆರೆಗಳು ಕೂದಲಾದವು. ಕೂದಲು ಒಂದು ಕಡೆಯಿಂದ ಬಾಗಿ, ತಿರುಗಿ, ತನ್ನೊಳಗೇ ಸುತ್ತಿಕೊಂಡು, ನೋಡನೋಡುತ್ತಿದ್ದಂತೆ ಸುಳಿ ಎದ್ದು ಬಂತು. ಒಂದೊಂದು ಕೂದಲಿಗೂ ಅದರದೇ ಬಿಸಿಲು. ಯಾರೂ ಏನನ್ನೂ ಮುಟ್ಟಿರಲಿಲ್ಲ. ಎರಡು ಎತ್ತುಗಳು ನಿಂತಿದ್ದವು, ಅಷ್ಟೇ. ಗಾಡಿಗೆ ಒರಗಿದ್ದ ನಾನು ಉಸಿರು ಬಿಟ್ಟರೆ ಟ್ರೈಪಾಡ್ ಅಲುಗುತ್ತದೆ ಎಂದು ಬಿಗಿಹಿಡಿದೆ.

“ಕಾಣ್ತು” ಎಂದರು ನಾಗಮಂಗಲದವರು ಸ್ಪೀಕರಿನಲ್ಲಿ. ಹಿಂದೆಯೇ, “ಆದ್ರೆ ಯಜಮಾನ್ರೇ, ನಡುಗೆರೆ ಮ್ಯಾಲೆ ಇಲ್ಲ. ಎಡಕ್ಕೆ ಜಾರ್ಕೊಂಡದೆ.”

ಅಷ್ಟು ಚೆನ್ನಾಗಿ ತೋರಿಸಿದ್ದೇ ತಪ್ಪಾಯಿತೇ ಎಂದು ದೊಡ್ಡಪ್ಪನ ಮುಖ ನೋಡಿದೆ. ಅವರ ಮುಖದಲ್ಲಿ ಅಚ್ಚರಿಯೇ ಇರಲಿಲ್ಲ. ಅವರಿಗೆ ಮೊದಲಿನಿಂದಲೂ ಗೊತ್ತು. ಮಾಲೂರಿನ ದಲ್ಲಾಳಿ ಯಾಕೆ ಎಡದ್ದನ್ನು ಮಾತ್ರ ಕೇಳಿದ ಎಂದು ನನಗೆ ಆಗ ಹೊಳೆಯಿತು.

“ಹೌದು ಸ್ವಾಮಿ, ಎಡಕ್ಕೇ ಐತೆ” ಎಂದರು ದೊಡ್ಡಪ್ಪ. “ಎಡಗಡೆ ಅದರ ಜೊತೆಗಾರ ನಿಲ್ತಾನೆ. ನಾನು ತಂದಾಗ್ಲೂ ಅಲ್ಲೇ ಇತ್ತು. ನಮ್ಮನೇಗೆ ಏನೂ ಕೆಟ್ಟದ್ದಾಗ್ಲಿಲ್ಲ. ಇನ್ನು ನಿಮ್ಮಿಷ್ಟ.”

ಆ ಕಡೆ ಯಾರೋ ಹೆಂಗಸಿನ ಧ್ವನಿ ಏನೋ ಕೇಳಿತು. ಅವರು ಫೋನಿಗೆ ಕೈ ಅಡ್ಡ ಹಿಡಿದು ಉತ್ತರ ಕೊಟ್ಟರು. ಮತ್ತೆ ಬಂದರು.

“ಒಂಟಿಯಾಗಿ ಇದ್ದಾಗ ಒಂದ್ ಗಳಿಗೆ ನಿಲ್ಲಲಿಲ್ಲ ಅದು, ನೋಡ್ದೆ. ಮುಚ್ಚಿದ್ರೆ ಬುಟ್ಬುಡ್ತಿದ್ದೆ. ಕಾಣಂಗೆ ತೋರಿಸ್ದ್ರಲ್ಲ, ಸಾಕು. ನಾಳೆ ಗಾಡಿ ಕಳಿಸ್ತೀನಿ. ಎರಡಕ್ಕೂ ಜಾಗ ಇರೋದು.”

ದೊಡ್ಡಪ್ಪ ಫೋನನ್ನು ದೊಡ್ಡಮ್ಮನ ಕಡೆ ಚಾಚಿದರು. ದೊಡ್ಡಮ್ಮನೇ ಜೋರಾಗಿ, “ಆಯ್ತಣ್ಣಾ, ಕಳಿಸಿ” ಎಂದಳು.

ಫೋನ್ ಇಟ್ಟಾಯಿತು. ಲೈವ್ ನಿಲ್ಲಿಸಲು ನನ್ನ ಕೈ ಹೋಗಲಿಲ್ಲ. ನೋಡುವವರು ಯಾರೂ ಇಲ್ಲದ ಆ ಚಿತ್ರದೊಳಗೆ ದೊಡ್ಡಪ್ಪ ಕೋಲೂರಿಕೊಂಡು, ಕುಂಟುತ್ತ ಬಂದರು. ಅವರು ನಡೆದಲ್ಲೆಲ್ಲ ಚಿತ್ರ ಕಲಕಿತು. ಎರಡು ಎತ್ತುಗಳ ನಡುವೆ ಸೇರಿ, ಒಂದೊಂದು ಬೆನ್ನಿನ ಮೇಲೆ ಒಂದೊಂದು ಕೈ ಇಟ್ಟು ನಿಂತರು. ಸ್ವಲ್ಪ ಹೊತ್ತಿಗೆ ಅವರ ಕೈಗಳ ನರಗಳು ಒಂದೊಂದಾಗಿ ತೆರೆಯ ಮೇಲೆ ಮೂಡತೊಡಗಿದವು.