ಕೌದಿಗೆ ಯಾವ ದೇಶದ ರೊಕ್ಕ

ನಾನು ಮಾಡಿದ ತಪ್ಪು ಕಾಗದದ ಮೇಲೆ ಅಚ್ಚಾಗಿ ಈಗಲೂ ನನ್ನ ಟ್ರಂಕಿನಲ್ಲಿದೆ. ಆರು ಸಾಲು, ಒಂದೊಂದು ಸಾಲಿನ ಮುಂದೆ ಒಂದೊಂದು ಪುಟ್ಟ ಚೌಕ. ಡಾಲರ್, ಪೌಂಡ್, ಮಾರ್ಕ್, ಫ್ರಾಂಕ್, ಯೆನ್, ಕೊನೆಗೆ ‘ಇತರೆ’. ‘ನೀವು ಯಾವ ಯಾವ ಹಣವನ್ನು ಸ್ವೀಕರಿಸುತ್ತೀರಿ?’ ಎಂಬ ಪ್ರಶ್ನೆ ಮೇಲೆ ಇಂಗ್ಲಿಷಿನಲ್ಲಿದೆ. ಮೊದಲ ಐದಕ್ಕೂ ಗುರುತು ಹಾಕಿದ್ದೇನೆ. ‘ಇತರೆ’ಯ ಎದುರಿಗೆ ನಮಗೆ ಬೇಕಾದ್ದನ್ನು ಬರೆಯಲು ಒಂದು ಗೆರೆ ಬಿಟ್ಟಿದ್ದರು. ಅದನ್ನು ನೋಡಿ ಅವತ್ತು ನಗು ಬಂದಿತ್ತು. ಇಷ್ಟು ದೇಶಗಳ ದುಡ್ಡು ಮನೆಗೆ ಬಂದ ಮೇಲೆ ಇನ್ನು ಬೇರೆಯದೇಕೆ ಎಂದುಕೊಂಡು ಖಾಲಿ ಬಿಟ್ಟೆ.

ಇಸವಿ ಎರಡು ಸಾವಿರದ ಒಂದು. ನನ್ನ ಮದುವೆಯಾಗಿ ಖಾನಾಪುರಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಗಂಡ ತಾಲೂಕು ಕಚೇರಿಯಲ್ಲಿ, ನಾನು ಬೆಳಗಾವಿಯ ನೆಹರು ನಗರದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಟೈಪಿಂಗ್ ಕಲಿಸುವವಳು. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುವುದು. ಕ್ಲಾಸಿನ ಬಾಜುಕ್ಕೆ ಇಂಟರ್ನೆಟ್ ಅಂಗಡಿಯೊಂದು ತೆರೆದಿತ್ತು. ಗಂಟೆಗಿಷ್ಟು ಅಂತ ಕೊಟ್ಟು ಕೂತರೆ ಜಗತ್ತೇ ಕಾಣುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನನಗೆ ಕಂಡದ್ದು ಮುಂಬೈಯ ಒಂದು ಕಂಪನಿಯ ಪುಟ. ಕೈಯಿಂದ ಮಾಡಿದ ವಸ್ತುಗಳನ್ನು ಯಾರು ಬೇಕಾದರೂ ಅಲ್ಲಿ ಇಟ್ಟು ಹೊರದೇಶದವರಿಗೆ ಮಾರಬಹುದಿತ್ತು. ನೋಡಿದ ಕ್ಷಣವೇ ನನಗೆ ನಮ್ಮ ಅತ್ತೆಯ ಕೌದಿ ನೆನಪಾಯಿತು.

ನಮ್ಮ ಓಣಿಯಲ್ಲಿ ಅತ್ತೆ ಹೊಲಿದ ಕೌದಿ ಇಲ್ಲದ ಮನೆ ಇರಲಿಲ್ಲ. ಹಳೆಯ ಸೀರೆ, ಧೋತರ, ಹರಿದ ಪರಕಾರ, ಏನು ತಂದುಕೊಟ್ಟರೂ ಪದರು ಪದರಾಗಿ ಹಾಸಿ, ಅಂಚಿನಿಂದ ಶುರುಮಾಡಿ ಸುತ್ತಿ ಸುತ್ತಿ ನಡುವಿಗೆ ಬರುತ್ತಿದ್ದರು. ನಡುವೆ ಅಂಗೈಯಗಲ ಜಾಗ ಉಳಿದಾಗ ಸೂಜಿ ನಿಲ್ಲಿಸಿ, ರೊಟ್ಟಿಯ ಒಂದು ಚೂರು ಅದರೊಳಗೆ ಇಟ್ಟು, ಆಮೇಲೆ ಮುಚ್ಚಿ ಹೊಲಿಯುವರು. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಅಂತ ಅವರ ನಂಬಿಕೆ.

ಇದಕ್ಕೆಲ್ಲ ಕೂಲಿ ಏನು ಅಂದರೆ, ಒಬ್ಬರ ಮನೆಯಿಂದ ಎರಡು ಸೇರು ಅಕ್ಕಿ, ಇನ್ನೊಬ್ಬರ ಮನೆಯಿಂದ ಜೋಳ, ಕೈಲಾಗದವರ ಮನೆಯಿಂದ ಒಂದು ಹೊತ್ತಿನ ಊಟ. ಉಳಿದ ಬಟ್ಟೆ ಹೊಲಿದವರಿಗೆ. ರೊಕ್ಕ ಮಾತ್ರ ಮುಟ್ಟುತ್ತಿರಲಿಲ್ಲ. ಒಮ್ಮೆ ನಾನು ಸಿಟ್ಟಿನಿಂದಲೇ ಕೇಳಿದೆ, ಯಾಕೆ ಅಂತ.

“ರೊಕ್ಕಾ ತಗೊಂಡ್ರ ಅಲ್ಲಿಗೆ ಮುಗೀತಲ್ಲವಾ. ಅಕ್ಕಿ ತಗೊಂಡ್ರ ಮುಗ್ಯೂದಿಲ್ಲ. ನಾಳೆ ಮತ್ತ ಬರ್ತಾರ,” ಅಂದರು.

ನನಗೆ ಮೈ ಉರಿದು ಹೋಯಿತು. ಎರಡು ತಿಂಗಳು ಬೆನ್ನು ಬಗ್ಗಿಸಿ ಹೊಲಿದ ಕೌದಿಗೆ ಎರಡು ಸೇರು ಅಕ್ಕಿ! ಓಣಿಯವರೆಲ್ಲ ಸೇರಿ ಈ ಮುದುಕಿಗೆ ಟೋಪಿ ಹಾಕುತ್ತಿದ್ದಾರೆ, ಇವರ ಕೆಲಸಕ್ಕೆ ಕವಡೆ ಕಿಮ್ಮತ್ತು ಕೊಡುತ್ತಿಲ್ಲ ಎಂದೇ ನಾನು ತಿಳಿದಿದ್ದೆ. ಕಲಿತವಳು ನಾನೊಬ್ಬಳೇ ಅಲ್ಲವೇ ಆ ಮನೆಯಲ್ಲಿ. ಅತ್ತೆಯ ಬೆಲೆಯನ್ನು ಜಗತ್ತಿಗೆ ತೋರಿಸುವ ಹುಚ್ಚು ಹಿಡಿಯಿತು. ಅತ್ತೆಯ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ, ಬಹಳ ಇತ್ತು. ಆದರೆ ಅದರಲ್ಲಿ ನನ್ನ ಜಂಬವೂ ಅರ್ಧ ಪಾಲು ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಪುಟಕ್ಕೆ ಒಂದು ಫೋಟೋ ಬೇಕಿತ್ತು. ಅತ್ತೆ ತಾವೇ ಹೊದೆಯುವ ಕೌದಿಯನ್ನು ಹಿತ್ತಿಲ ಹಗ್ಗದ ಮೇಲೆ ಹಾಕಿ ತೆಗೆಸಿದೆ. ಅದು ಅವರ ಅವ್ವನ ಇಳಕಲ್ ಸೀರೆಗಳಿಂದ ಹೊಲಿದದ್ದು. ಅವ್ವ ತೀರಿಕೊಂಡ ವರ್ಷ ಅವರು ಅದನ್ನು ಹೊಲಿದಿದ್ದರಂತೆ. ಕೆಂಪು ಸೆರಗಿನ ತುಂಡುಗಳು ಬಿಸಿಲಿಗೆ ಎಷ್ಟು ಚೆಂದ ಕಂಡವೆಂದರೆ ಓಣಿಯ ಬೇರೆ ಯಾವ ಕೌದಿಯೂ ಅದರ ಮುಂದೆ ನಿಲ್ಲುವಂತಿರಲಿಲ್ಲ. ಬೆಲೆಗಳನ್ನೂ ಬರೆದು ಹಾಕಿದೆ. ಗುರುತು ಹಾಕಿದ ಪುಟವನ್ನು ಅಚ್ಚು ಮಾಡಿಸಿಕೊಂಡು ಸಂಜೆ ಮನೆಗೆ ತಂದೆ.

ಅತ್ತೆ ಕಾಗದವನ್ನು ದೂರ ಹಿಡಿದು ನೋಡಿದರು. “ಇವೇನವಾ, ಚೌಕಾಬಾರಾ ಆಡೂ ಮನಿ ಇದ್ದಂಗ ಅದಾವಲ್ಲ?”

ನಾನು ಒಂದೊಂದರ ಮೇಲೂ ಬೆರಳಿಟ್ಟು, ಇದು ಅಮೆರಿಕದ್ದು, ಇದು ಇಂಗ್ಲೆಂಡಿನದು, ಇದು ಜರ್ಮನಿಯದು ಎಂದು ಹೇಳಿಕೊಟ್ಟೆ.

“ಒಂದೊಂದ ಊರಿಂದು ಒಂದೊಂದ ನಮೂನಿ ರೊಕ್ಕಾ ಏನ? ಹಂಗಾರ ನಮ್ಮ ಓಣಿ ಇದ್ದಂಗನ ಆತ ಬಿಡು. ಒಬ್ರದು ಅಕ್ಕಿ, ಒಬ್ರದು ಜ್ವಾಳಾ,” ಎಂದು ನಕ್ಕರು. ನಾನೂ ನಕ್ಕೆ. ಅವರು ತಿಳಿದು ಆಡಿದ ಮಾತು ಅದು. ನಾನು ತಿಳಿಯದೆ ನಕ್ಕೆ.

ಮೂರು ವಾರಕ್ಕೆ ಆರ್ಡರ್ ಬಂತು. ಜರ್ಮನಿಯ ಒಂದು ಹಳ್ಳಿಯ ಮುದುಕಿ. ತೊದಲು ಇಂಗ್ಲಿಷಿನಲ್ಲಿ ಬರೆದಿದ್ದಳು: ಫೋಟೋದಲ್ಲಿರುವ ಕೌದಿಯೇ ಬೇಕು, ಅಂಥದ್ದು ಇನ್ನೊಂದಲ್ಲ, ಅದೇ. ಕೈಸೇರಿದ ಮೇಲೆ ಇನ್ನೂರು ಮಾರ್ಕ್ ಕಳಿಸುತ್ತೇನೆ. ಚೆಕ್ಕಿಗೆ ಬ್ಯಾಂಕಿನವರು ಬಹಳ ಕಿತ್ತುಕೊಳ್ಳುತ್ತಾರೆ, ನೋಟುಗಳನ್ನೇ ರಿಜಿಸ್ಟರ್ ಲಕೋಟೆಯಲ್ಲಿ ಇಡುತ್ತೇನೆ. ಹಾಗೆ ನೋಟು ತರಿಸಬಾರದೆಂಬುದೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಅದೊಂದೇ ಆಗಿದ್ದರೆ ಪುಣ್ಯ.

ಅತ್ತೆಗೆ ಹೇಳಿದೆ. ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ಒಂದು ಮೂಲೆಯನ್ನು ಸವರಿದರು. ಆಮೇಲೆ ತಾವೇ ಮಡಚಿ ಕೊಟ್ಟರು. “ಒಯ್ಯಿ. ಯಾರೋ ಒಬ್ರು ಹೊಚಗೊಂಡ ಬೆಚ್ಚಗಿರ್ಲಿ. ಓಣ್ಯಾಗ ಹಳೀ ಸೀರಿಗೇನ ಬರಾ? ನಾ ಮತ್ತೊಂದ ಹೊಲ್ಕೋತೀನಿ.”

ಬೆಳಗಾವಿಯ ಅಂಚೆ ಕಚೇರಿಯಲ್ಲಿ ಹಡಗಿನ ಪಾರ್ಸೆಲ್ ಮಾಡಿದೆ. ಒಳಗೆ ಏನಿದೆ ಎಂಬ ಕಾಲಮಿನಲ್ಲಿ ‘ಹತ್ತಿ ಬಟ್ಟೆಯ ಹೊದಿಕೆ’ ಅಂತ ಬರೆದೆ. ಎಷ್ಟೋ ವರ್ಷದ ಹಿಂದಿನ ರೊಟ್ಟಿಚೂರಿನ ಸುದ್ದಿ ಬರೆಯಲಿಲ್ಲ. ಮುಟ್ಟಲು ಮೂರು ನಾಲ್ಕು ತಿಂಗಳಾಗಬಹುದು ಅಂದರು.

ನಿಜವಾದ ಪಾಪ ನಾನು ಮಾಡಿದ್ದು ಅದೇ ವಾರ. ರವಿವಾರ ಎದುರುಮನೆಯಾಕೆ ಬಂದಳು. ಕಂಕುಳಲ್ಲಿ ಹಳೆ ಸೀರೆಗಳ ಗಂಟು, ಕೈಯಲ್ಲಿ ಅಕ್ಕಿಯ ಚೀಲ. ಮಗಳು ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು, ಕೂಸಿಗೆ ಒಂದು ಸಣ್ಣ ಕೌದಿ ಬೇಕಿತ್ತು. ಅತ್ತೆ ಒಳಗೆ ಕುಳಿತಿದ್ದರು. ಬಾಗಿಲಲ್ಲಿ ನಾನಿದ್ದೆ.

“ಈಗ ಅಕ್ಕಿಗೆಲ್ಲಾ ಹೊಲ್ಯೂದಿಲ್ರಿ,” ಅಂದೆ. “ಹೊರದೇಶದ ಆರ್ಡರ್ ಬರಾಕತ್ತಾವ. ರೊಕ್ಕಾ ಕೊಟ್ರ ನೋಡೂಣು.”

ಆಕೆ ನನ್ನ ಮುಖ ನೋಡಿದಳು. “ಹೌದೇನ ತಂಗೀ? ಚಲೋ ಆತು,” ಅಂದು, ಗಂಟನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಹೋದಳು.

ಒಳಗೆ ಬಂದರೆ ಅತ್ತೆ ಸೂಜಿಗೆ ದಾರ ಪೋಣಿಸುತ್ತ ಕುಳಿತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. “ಆಕೀ ಮಗಳ್ನ ಹೆತ್ತಾಗ ಸೈತ ನಾನ ಹೊಲದ ಕೊಟ್ಟಿದ್ನೆವಾ,” ಅಂದರು, ಅಷ್ಟೇ. ಒಂದು ಮಾತು ಬೈದಿದ್ದರೆ ನಾನು ಓಡಿಹೋಗಿ ಆಕೆಯನ್ನು ಕರೆತರುತ್ತಿದ್ದೆನೋ ಏನೋ. ಬೈಯಲಿಲ್ಲ. ನಾನೂ ಹೋಗಲಿಲ್ಲ.

ಎರಡು ದಿನದಲ್ಲಿ ಸುದ್ದಿ ಓಣಿಯ ಆ ತುದಿ ಮುಟ್ಟಿತು. ಬಟ್ಟೆಯ ಗಂಟುಗಳು ಬರುವುದು ನಿಂತವು. ನನಗೆ ಖುಷಿಯಾಯಿತು! ಅತ್ತೆಯ ಕೈ ಈಗ ದೊಡ್ಡ ಆರ್ಡರುಗಳಿಗೆ ಖಾಲಿ ಇದೆ ಎಂದು ಗಂಡನ ಮುಂದೆ ಹೇಳಿಕೊಂಡೆ. ದಿನಾ ಸಂಜೆ ಇಂಟರ್ನೆಟ್ ಅಂಗಡಿಯಲ್ಲಿ ಕೂತು ನೋಡಿದೆ. ಎರಡನೆಯ ಆರ್ಡರ್ ಬರಲೇ ಇಲ್ಲ.

ಚಳಿಗಾಲ ಬಂತು. ಕೌದಿ ಸಮುದ್ರದ ಮೇಲೆ ಎಲ್ಲೋ ಇತ್ತು, ಅತ್ತೆ ಸೋಲಾಪುರದ ಚಾದರ ಹೊದ್ದು ಮಲಗುತ್ತಿದ್ದರು. ಇನ್ನೊಂದು ಕೌದಿ ಹೊಲಿದುಕೊಳ್ಳಲು ಬಟ್ಟೆ ಇರಲಿಲ್ಲ. ನಾನು ನನ್ನ ಸೀರೆಗಳನ್ನು ತೆಗೆದುಕೊಟ್ಟೆ. ಮುಟ್ಟಿ ನೋಡಿ ವಾಪಸು ಕೊಟ್ಟರು. ಎಲ್ಲ ಪಾಲಿಸ್ಟರ್. ಅದರಲ್ಲಿ ಸೂಜಿ ನಿಲ್ಲುವುದಿಲ್ಲ, ಮೈಗೂ ಹತ್ತುವುದಿಲ್ಲ ಅಂದರು. ಮಾರ್ಕ್ ಬರಲಿ, ಪೇಟೆಯಿಂದ ಹೊಸ ಹತ್ತಿ ಬಟ್ಟೆಯನ್ನೇ ತರೋಣ ಅಂತ ನಾನು ಸಮಾಧಾನ ಹೇಳಿದೆ. ಹೊಸ ಬಟ್ಟೆಯಲ್ಲಿ ಯಾರಾದರೂ ಕೌದಿ ಹೊಲಿಯುತ್ತಾರೆಯೇ? ಅದೂ ನನಗೆ ಹೊಳೆಯಲಿಲ್ಲ.

ಶಿವರಾತ್ರಿಯ ಸುಮಾರಿಗೆ ಲಕೋಟೆ ಬಂತು. ಒಳಗೆ ಮಾಸದ, ಗರಿಗರಿಯಾದ ನೋಟುಗಳು, ಒಂದು ಪತ್ರ. ಕೌದಿ ಮುಟ್ಟಿದೆ, ಇಷ್ಟು ಬೆಚ್ಚಗಿನ ಹೊದಿಕೆಯನ್ನು ಈ ವಯಸ್ಸಿನವರೆಗೆ ಕಂಡಿರಲಿಲ್ಲ ಎಂದು ಬರೆದಿದ್ದಳು. ಕೆಳಗೆ ಇನ್ನೆರಡು ಸಾಲು: ‘ನಮ್ಮಲ್ಲಿ ಈಗ ಯುರೋ ಬಂದಿದೆ. ಆದರೆ ನಿಮ್ಮ ಪುಟದಲ್ಲಿ ಯುರೋ ಎಂದು ಇಲ್ಲ, ಮಾರ್ಕ್ ಎಂದೇ ಇದೆ. ಅದಕ್ಕಾಗಿ ಮನೆಯಲ್ಲಿ ಉಳಿದಿದ್ದ ಮಾರ್ಕನ್ನೇ ಹುಡುಕಿ ಕಳಿಸಿದ್ದೇನೆ.’

ಆ ಸಾಲುಗಳನ್ನು ಓದಿಯೂ ನನಗೆ ಏನೂ ಅನಿಸಲಿಲ್ಲ. ಪಾಪ, ಎಷ್ಟು ಪ್ರಾಮಾಣಿಕಳು ಎಂದುಕೊಂಡೆ. ಮರುದಿನ ಕ್ಲಾಸಿಗೆ ರಜೆ ಹಾಕಿ ಬೆಳಗಾವಿಯ ಬ್ಯಾಂಕಿಗೆ ಹೋದೆ. ಕೌಂಟರಿನ ಸಾಹೇಬರು ನೋಟುಗಳನ್ನು ತಿರುವಿ ನೋಡಿದರು.

“ಇವು ಈಗ ನಡ್ಯೂದಿಲ್ರಿ ಬಾಯಾರ.”

“ಖೊಟ್ಟಿ ಅದಾವೇನ್ರಿ?”

“ಖೊಟ್ಟಿ ಅಲ್ರಿ, ಖರೇ ನೋಟ ಅದಾವ. ಆದ್ರ ಆ ರೊಕ್ಕಾನ ಬಂದ್ ಆಗೇತಿ. ಹೊಸಾ ವರ್ಷದಿಂದ ಅಲ್ಲೆ ಯುರೋ ಚಾಲೂ ಆತು.”

“ಮತ್ತ ಇವನ್ನ ಏನ ಮಾಡ್ಲಿ?”

“ಅವ್ರ ದೇಶಕ್ಕ ಹೋದ್ರ ಅಲ್ಲಿ ದೊಡ್ಡ ಬ್ಯಾಂಕಿನ್ಯಾಗ ಬದಲಿ ಮಾಡಿ ಕೊಡತಾರಂತ್ರಿ.”

ಅವರು ಚೇಷ್ಟೆ ಮಾಡುತ್ತಿರಲಿಲ್ಲ. ಪತ್ರವನ್ನೂ ತೋರಿಸಿದೆ. ಓದಿ, ಕನ್ನಡಕ ತೆಗೆದು, “ನೀವ ಮಾರ್ಕ್ ಕೇಳೀರಲ್ರಿ, ಆಕೀದೇನ ತಪ್ಪು?” ಅಂದರು. ಹೌದು, ಆಕೆಯದೇನೂ ತಪ್ಪಿರಲಿಲ್ಲ. ಹಿಂದಿನ ವರ್ಷ ನಾನು ಹಾಕಿದ ಗುರುತು ಅಲ್ಲಿ ಹಾಗೇ ಕೂತಿತ್ತು. ಒಂದು ದೇಶ ತನ್ನ ರೊಕ್ಕವನ್ನೇ ಬದಲಿಸಿಬಿಟ್ಟಿದ್ದು ಟೈಪಿಂಗ್ ಕಲಿಸುವ ಟೀಚರಮ್ಮನಿಗೆ ಗೊತ್ತಿರಲಿಲ್ಲ.

ಸಂಜೆ ರೈಲಿನಲ್ಲಿ ಜಾಗ ಸಿಕ್ಕರೂ ಕೂಡಲು ಮನಸ್ಸಾಗಲಿಲ್ಲ. ದೇಸೂರಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಅಲ್ಲೇ ಇಳಿದು ಎಲ್ಲಿಗಾದರೂ ನಡೆದುಬಿಡೋಣ ಅನ್ನಿಸಿತು. ಅತ್ತೆಗೆ ಯಾವ ಬಾಯಿಂದ ಹೇಳುವುದು?

ಹೇಳಿದೆ. “ಹೋಗ್ಲಿ ಬಿಡು,” ಅಂದರು. ಜರ್ಮನಿಯಾಕೆಗೆ ಆ ಪುಟದ ಮೂಲಕವೇ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಮೂರನೆಯ ಸಲ ಬರೆಯುವಷ್ಟರಲ್ಲಿ ಮುಂಬೈಯ ಕಂಪನಿಯೇ ಬಾಗಿಲು ಹಾಕಿತ್ತು.

ನಾಲ್ಕು ದಿನ ಬಿಟ್ಟು ಅತ್ತೆ ಸೆರಗು ಸರಿಮಾಡಿಕೊಂಡು ಎದುರುಮನೆಗೆ ಹೊರಟರು. ಅಲ್ಲಿ ಕೂಸು ಹುಟ್ಟಿ ಎರಡು ತಿಂಗಳು ಕಳೆದಿತ್ತು. ನಾನು ಹೊಸ್ತಿಲಲ್ಲಿ ನಿಂತು ನೋಡಿದೆ. ಎದುರುಮನೆಯಾಕೆ ಕಟ್ಟೆಯ ಮೇಲೆ ಚಾಪೆ ಹಾಸಿದಳು, ಚಹಾ ಕೊಟ್ಟಳು, ಕೂಸನ್ನು ತಂದು ತೊಡೆಯ ಮೇಲೆ ಮಲಗಿಸಿದಳು. ಕೂಸಿಗೆ ಪೇಟೆಯ ಹೊಸ ಚಾದರ ಸುತ್ತಿತ್ತು.

“ಆ ಸೀರಿ ಗಂಟ ಕೊಡ. ಇದಕ್ಕೊಂದ ಕೌದಿ ಹೊಲದ ಕೊಡ್ತೀನಿ,” ಅಂದರು ಅತ್ತೆ.

“ಬ್ಯಾಡ ಯಕ್ಕಾ. ನಮ್ಮನ್ಯಾಗ ಡಾಲರ್ ಎಲ್ಲಿಂದ ಬರಬೇಕ?”

ಆಕೆ ಸಿಟ್ಟಿನಿಂದ ಹೇಳಲಿಲ್ಲ, ನಗುತ್ತಲೇ ಹೇಳಿದಳು. ಅತ್ತೆಯೂ ನಕ್ಕರು. ಕೂಸಿನ ಕೆನ್ನೆ ಮುಟ್ಟಿ ಎದ್ದು ಬಂದರು. ಎರಡೂ ಕೈ ಖಾಲಿ. ನನ್ನನ್ನು ದಾಟಿ ಒಳಗೆ ಹೋಗುವಾಗ ಮುಖ ನೋಡಲಿಲ್ಲ.

ಓಣಿಯವರು ಜಗಳವಾಡಲಿಲ್ಲ. ತೊಟ್ಟಿಲಿಗೆ, ಬಸುರಿಯರ ಕುಬಸಕ್ಕೆ ಮೊದಲಿನಂತೆಯೇ ಕರೆಯುತ್ತಿದ್ದರು. ಆದರೆ ಗಂಟು ಹಿಡಿದುಕೊಂಡು ಮತ್ತೆ ಯಾರೂ ಬರಲಿಲ್ಲ. ಅತ್ತೆ ಅಂದದ್ದು ಅದೇ ಅಲ್ಲವೇ, ರೊಕ್ಕ ಅಂದರೆ ಮುಗಿಯಿತು ಅಂತ. ಬರದ ರೊಕ್ಕಕ್ಕೂ ಮುಗಿಯಿತು. ಮಧ್ಯಾಹ್ನ ಪಡಸಾಲೆಯಲ್ಲಿ ಅವರು ಸುಮ್ಮನೆ ಕೂತಿರುವುದನ್ನು ರಜೆಯ ದಿನ ನೋಡುತ್ತಿದ್ದೆ. ಅಭ್ಯಾಸಕ್ಕೆ ಬಲಗೈಯ ಬೆರಳುಗಳು ಮಾತ್ರ ಸೀರೆಯ ಅಂಚನ್ನು ಹಿಡಿದು ಆಡುತ್ತಿದ್ದವು.

ಒಂದು ಮಧ್ಯಾಹ್ನ ನಾನು ಮೊರದಲ್ಲಿ ಅಕ್ಕಿ ಹಾಕಿಕೊಂಡು ಹರಳು ಆರಿಸುತ್ತಿದ್ದೆ. ಅಂಗಡಿಯಿಂದ ಕೊಂಡು ತಂದ ಅಕ್ಕಿ. ಅತ್ತೆ ಬಹಳ ಹೊತ್ತು ಆ ಮೊರವನ್ನೇ ನೋಡುತ್ತ ಕುಳಿತಿದ್ದು, ಕೇಳಿದರು:

“ಅಲ್ಲವಾ, ಆ ಕಾಗದದಾಗ ಅಷ್ಟ ಮನಿ ಇದ್ದೂವಲ್ಲ, ರೊಕ್ಕದ್ದು. ಅಕ್ಕಿಗೆ ಒಂದ ಮನಿ ಇರಲಿಲ್ಲೇನ?”

ನನ್ನ ಕೈ ನಿಂತಿತು. ಟ್ರಂಕು ಅಲ್ಲೇ, ಅವರ ಬೆನ್ನ ಹಿಂದೆಯೇ ಇತ್ತು. ಆರನೆಯ ಸಾಲಿನ ಆ ಖಾಲಿ ಗೆರೆಯಲ್ಲಿ ಎರಡು ಅಕ್ಷರ ಬರೆಯಲು ಬೇಕಾದಷ್ಟು ಜಾಗವಿತ್ತು.

“ಇಲ್ರಿ ಅತ್ತಿ, ಇರಲಿಲ್ಲ,” ಅಂದೆ.

ಅವರು ನಂಬಿದರು. “ಪಾಪ, ಅವ್ರಿಗೆ ಹ್ಯಾಂಗ ಗೊತ್ತಿರಬೇಕ ಬಿಡು,” ಎಂದು ನನ್ನ ಕೈಯಿಂದ ಮೊರ ತೆಗೆದುಕೊಂಡು ಅಕ್ಕಿ ಆರಿಸಲು ಕುಳಿತರು.